ಪನಾಮಾದ ಚಿರಿಕಿ: 8 ದಿನದಲ್ಲಿ ಬೆಟ್ಟ, ಕಾಫಿ ತೋಟ, ದ್ವೀಪ ಮೂರೂ ಆಗುತ್ತಾ?

ಗಂಟುಮೂಟೆ:
ಫೆಬ್ರವರಿಯಲ್ಲಿ ಪನಾಮಾ. ರಾಜಧಾನಿ, ಕಾಲುವೆ ಎರಡೇ ದಿನದಲ್ಲಿ ಮುಗಿಸಿ ಉಳಿದ 8 ದಿನ ಪಶ್ಚಿಮದ ಚಿರಿಕಿ ಪ್ರಾಂತ್ಯಕ್ಕೆ ಅಂತ ಲೆಕ್ಕ. ಬೆಟ್ಟದೂರು ಬೊಕೆಟೆ 2 ದಿನ, ಬಾರೂ ಜ್ವಾಲಾಮುಖಿ 1, ಇನ್ನೊಂದು ಬೆಟ್ಟದೂರು ಸೆರ್ರೋ ಪುಂಟಾ 1, ಬೋಕಾ ಚಿಕಾ ದ್ವೀಪಗಳು 1, ಕೊಯಿಬಾ ದ್ವೀಪ 1, ಬೋಕಾಸ್ ದೆಲ್ ತೋರೋ 2. ಒಟ್ಟು ನಾಲ್ಕು ಜನ, ಭಾರತದ ಪಾಸ್‌ಪೋರ್ಟ್. ಇಬ್ಬರು ಸಸ್ಯಾಹಾರಿಗಳು, ಒಬ್ಬರಿಗೆ ಮಂಡಿ ನೋವು. ತಿಮಿಂಗಿಲ ನೋಡಬೇಕು, ಕ್ವೆಟ್ಸಾಲ್ ಹಕ್ಕಿ ನೋಡಬೇಕು, ಗೇಶಾ ಕಾಫಿ ಕುಡಿಯಬೇಕು. ಕಾರು ಬಾಡಿಗೆಗೆ ತಗೊಳ್ಳೋದಾ, ಬಸ್ಸಾ? ಎಲ್ಲಿ ಎಡವುತ್ತಿದ್ದೇನೆ ಹೇಳಿ.

ನಕ್ಷೆಪ್ರಿಯ:
ಎಡವುತ್ತಿರೋದು ಎರಡು ಕಡೆ. ಕೊಯಿಬಾ ಚಿರಿಕಿಯಲ್ಲಿ ಇಲ್ಲ, ಪಕ್ಕದ ವೆರಾಗ್ವಾಸ್ ಪ್ರಾಂತ್ಯದ್ದು. ಹೋಗಬೇಕಾದ್ದು ಸಾಂತಾ ಕತಲೀನಾದಿಂದ, ಅಲ್ಲಿಂದ ದೋಣಿಯಲ್ಲಿ ಒಂದು ಗಂಟೆಯ ಮೇಲೆ. ಬೊಕೆಟೆಯಿಂದ ಸಾಂತಾ ಕತಲೀನಾ ತಲುಪೋಕೇ ಒಂದು ದಿನ ಹೋಯ್ತು. ಬೋಕಾಸ್ ದೆಲ್ ತೋರೋ ಕೂಡ ಬೇರೆಯೇ ಪ್ರಾಂತ್ಯ, ಬೇರೆಯೇ ಸಮುದ್ರ: ಅದು ಕೆರಿಬಿಯನ್ ಕಡೆ, ಚಿರಿಕಿಯ ದ್ವೀಪಗಳು ಪೆಸಿಫಿಕ್ ಕಡೆ. ಮಧ್ಯೆ ಪರ್ವತ ಸಾಲು ದಾಟಬೇಕು. ಇವೆರಡನ್ನೂ ಕಿತ್ತುಹಾಕಿ, ಆಮೇಲೆ ಮಾತಾಡೋಣ.

ದೋಣಿಸಾಲು:
ಬೋಕಾಸ್ ಕಿತ್ತುಹಾಕೋದು ಯಾಕೆ? ಚಿರಿಕಿಯ ಮುಖ್ಯ ಪಟ್ಟಣ ದವೀದ್‌ನಿಂದ ಆ ಕಡೆಯ ಬಂದರು ಅಲ್ಮಿರಾಂತೆಗೆ ನಾಲ್ಕು ಗಂಟೆಯ ರಸ್ತೆ, ಅಲ್ಲಿಂದ ಅರ್ಧ ಗಂಟೆ ದೋಣಿ. ಜನ ಮಾಡ್ತಾರೆ.

ನಕ್ಷೆಪ್ರಿಯ:
ಮಾಡ್ತಾರೆ, ಮಾಡಿ ಬೈಕೋತಾರೆ. ಆ ರಸ್ತೆ ಗುವಾಲಾಕಾ ದಾಟಿ ಫೋರ್ತೂನಾ ಅಣೆಕಟ್ಟಿನ ಮೇಲಿಂದ ಹೋಗುತ್ತೆ. ಮಧ್ಯಾಹ್ನ ಆದಮೇಲೆ ಮಂಜು ಕವಿದರೆ ಬಾನೆಟ್ ತುದಿ ಕಾಣಲ್ಲ, ಮಳೆ ಜೋರಾದರೆ ಗುಡ್ಡ ಕುಸಿಯುತ್ತೆ. ಕತ್ತಲಲ್ಲಿ ಅಲ್ಲಿ ಗಾಡಿ ಓಡಿಸೋದು ಬೇಡವೇ ಬೇಡ. ಹೋಗಿ ಬರೋಕೆ ಎರಡು ದಿನ ತೆಗೆದರೆ ಬೋಕಾಸ್‌ನಲ್ಲಿ ಇರೋಕೆ ಏನು ಉಳಿಯಿತು?

ಕಪ್ಪೆಚಿಪ್ಪು:
ಫೆಬ್ರವರಿಯಲ್ಲಿ ತಿಮಿಂಗಿಲ ಮರೆತುಬಿಡಿ. ಚಿರಿಕಿ ಕೊಲ್ಲಿಗೆ ಗೂನುಬೆನ್ನಿನ ತಿಮಿಂಗಿಲಗಳು ಹಿಂಡಾಗಿ ಬರೋದು ಜುಲೈನಿಂದ ಅಕ್ಟೋಬರ್‌ವರೆಗೆ. ದಕ್ಷಿಣಾರ್ಧಗೋಳದಲ್ಲಿ ಚಳಿಗಾಲ ಇರೋವಾಗ ಮರಿ ಹಾಕೋಕೆ ಇಲ್ಲಿನ ಬೆಚ್ಚನೆ ನೀರಿಗೆ ಬರುತ್ತವೆ. ಉತ್ತರದ ಕೆಲವು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಸುಳಿಯೋದುಂಟು, ಆದರೆ ಅದನ್ನು ನಂಬಿ ದೋಣಿಗೆ ದುಡ್ಡು ಕಟ್ಟಬೇಡಿ.

ಗಂಟುಮೂಟೆ:
ಹಾಗಾದರೆ ಪ್ರವಾಸವನ್ನೇ ಆಗಸ್ಟ್‌ಗೆ ತಳ್ಳಲಾ?

ಚಾರಣಚಪಲ:
ಬೇಡ. ಒಂದು ಬೇಕಂದರೆ ಇನ್ನೊಂದು ಬಿಡಬೇಕು, ಚಿರಿಕಿಯ ಲೆಕ್ಕವೇ ಅದು. ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಒಣಗಾಲ, ಅಲ್ಲಿನವರು ಅದನ್ನೇ ಬೇಸಿಗೆ ಅಂತಾರೆ. ಬಾರೂ ತುದಿಯಿಂದ ನೋಟ ಸಿಗೋದು, ಕಾಫಿ ಕೊಯ್ಲು ನೋಡೋದು, ಕ್ವೆಟ್ಸಾಲ್ ಗೂಡು ಕಟ್ಟೋದು ಎಲ್ಲ ಈ ತಿಂಗಳುಗಳಲ್ಲೇ. ತಿಮಿಂಗಿಲ ಮಾತ್ರ ಮಳೆಗಾಲದ್ದು. ನಾಲ್ಕರಲ್ಲಿ ಮೂರು ನಿಮಗೆ ಸಿಕ್ತಲ್ಲ.

ಕಪ್ಪೆಚಿಪ್ಪು:
ಮಳೆಗಾಲ ಅಂದರೆ ದಿನವಿಡೀ ಮಳೆ ಅಂತ ತಿಳಿಯಬೇಡಿ. ಜುಲೈ ಆಗಸ್ಟ್‌ನಲ್ಲಿ ಬೆಳಗ್ಗೆ ಚೆನ್ನಾಗಿ ಬಿಸಿಲಿರುತ್ತೆ, ಮಧ್ಯಾಹ್ನ ಒಂದು ಎರಡರ ಹೊತ್ತಿಗೆ ಸುರಿಯುತ್ತೆ. ಅಕ್ಟೋಬರ್ ಮಾತ್ರ ಕೆಟ್ಟದ್ದು. ತಿಮಿಂಗಿಲವೇ ಮುಖ್ಯ ಅನ್ನೋರು ಆಗಸ್ಟ್‌ನಲ್ಲಿ ಹೋಗಿ, ಬೆಳಗ್ಗೆ ಏಳಕ್ಕೆ ದೋಣಿ ಬಿಟ್ಟು ಊಟದ ಹೊತ್ತಿಗೆ ದಡ ಸೇರಿ. ತಿಮಿಂಗಿಲದಿಂದ 250 ಮೀಟರ್ ದೂರ ನಿಲ್ಲಬೇಕು ಅಂತ ಪನಾಮಾದ ನಿಯಮ ಇದೆ. ಹತ್ತಿರ ಹೋಗು ಅಂತ ದೋಣಿಯವನನ್ನು ಪೀಡಿಸಬೇಡಿ.

ಚಾರಣಚಪಲ:
ಒಣಗಾಲ ಅಂದ್ರೂ ಬೊಕೆಟೆ ಒಣಗಿರಲ್ಲ, ಇದನ್ನ ಯಾರೂ ಮೊದಲೇ ಹೇಳಲ್ಲ. ಕೆರಿಬಿಯನ್ ಕಡೆಯಿಂದ ಬರೋ ಗಾಳಿ ತೇವ ಹೊತ್ತು ಪರ್ವತ ದಾಟಿ ಬೊಕೆಟೆ ಮೇಲೆ ಚೆಲ್ಲುತ್ತೆ. ಮಳೆಯೂ ಅಲ್ಲ, ಮಂಜೂ ಅಲ್ಲ. ಜರಡಿ ಹಿಡಿದಂಥ ತುಂತುರು, ಮೇಲೆ ಬಿಸಿಲು, ಕಣಿವೆ ತುಂಬ ಕಾಮನಬಿಲ್ಲು. ಅಲ್ಲಿಯವರು ಇದಕ್ಕೆ ಬಹಾರೆಕೆ ಅಂತಾರೆ. ಒಂದೇ ಹೊತ್ತಿಗೆ ಊರಿನ ಉತ್ತರ ತುದಿ ಒದ್ದೆ, ದಕ್ಷಿಣ ತುದಿ ಒಣ. ಹೋಟೆಲ್ ಹಿಡಿಯುವಾಗ ಉತ್ತರ ತುದಿಯ ಕಡೆ ತೇವ ಜಾಸ್ತಿ ಅಂತ ತಿಳಿದಿರಿ. ಬಟ್ಟೆ ಒಗೆದು ಹಾಕಿದರೆ ಎರಡು ದಿನ ಒಣಗಲ್ಲ.

ಅರೇಬಿಕಾ_ಅಣ್ಣ:
ಆ ತುಂತುರೇ ಅಲ್ಲಿನ ಕಾಫಿಯ ಬಂಡವಾಳ. ಹಣ್ಣಾಗುವ ತಿಂಗಳುಗಳಲ್ಲಿ ತಂಪು, ತೇವ. ಹಣ್ಣು ನಿಧಾನ ಮಾಗುತ್ತೆ, ಬೀಜ ಗಟ್ಟಿ ಆಗುತ್ತೆ. ಆದರೆ ಒಣಗಿಸೋರಿಗೆ ಅದೇ ತಲೆನೋವು: ಹಣ್ಣನ್ನ ಸಿಪ್ಪೆ ಸಮೇತ ಒಣಗಿಸೋಕೆ ಹೊರಟರೆ ಬೂಷ್ಟು. ಅದಕ್ಕೇ ಎತ್ತರದ ಜಾಲರಿ ಮಂಚ, ಮೇಲೆ ಪ್ಲಾಸ್ಟಿಕ್ ಸೂರು, ಸಾಲದಿದ್ದರೆ ಯಂತ್ರ. ತೋಟ ನೋಡೋಕೆ ಹೋದಾಗ ಡ್ರೈಯಿಂಗ್ ಯಾರ್ಡ್ ಕೇಳಿ ನೋಡಿ, ರುಚಿಯ ಅರ್ಧ ಕಥೆ ಅಲ್ಲೇ.

ತೊಗರಿತೊವ್ವೆ:
ಊಟದ ವಿಷಯ ಯಾರೂ ಎತ್ತಲಿಲ್ಲ. ಅಲ್ಲಿ 'ಸಿನ್ ಕಾರ್ನೆ' ಅಂದರೆ ಗೋಮಾಂಸ ಬೇಡ ಅಂತ ಮಾತ್ರ ಅರ್ಥ ಮಾಡ್ಕೊಳ್ಳೋರು ಬಹಳ. ಕೋಳಿ ಹಾಕಿ ಕೊಡ್ತಾರೆ. 'ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಪೆಸ್ಕಾದೋ, ಸಿನ್ ಹಮೋನ್' ಅಂತ ನಾಲ್ಕನ್ನೂ ಹೇಳಿ. ಕಡೆಯದು ಹಂದಿ. ಸಣ್ಣ ಹೋಟೆಲುಗಳಲ್ಲಿ ಸಿಗೋದು ಅನ್ನ, ಲೆಂತೇಹಾಸ್ ಅಂದರೆ ಮಸೂರದ ಸಾರು, ಪೊರೋತೋಸ್ ಅಂದರೆ ಹುರುಳಿಕಾಯಿ ಜಾತಿಯ ಕಾಳು, ಪತಕೋನೆಸ್ ಅಂದರೆ ಕಾಯಿಬಾಳೆ ಚಪ್ಪಟೆ ಮಾಡಿ ಎರಡು ಸಲ ಕರಿದದ್ದು. ಗುವಾಂದೂ ಅನ್ನೋದು ನಮ್ಮ ತೊಗರಿಯೇ! ಹಸಿ ತೊಗರಿಕಾಳು ಹಾಕಿ, ತೆಂಗಿನಹಾಲಲ್ಲಿ ಬೇಯಿಸಿದ ಅನ್ನ. ಕಾಳಿನ ಸಾರಿಗೆ ಹಂದಿ ತುಂಡು ಹಾಕೋ ಪದ್ಧತಿ ಇರೋದರಿಂದ ಅದನ್ನೂ ಕೇಳಿಯೇ ತಿನ್ನಿ.

ಪಂಚೆವೀರ:
ಕ್ವೆಟ್ಸಾಲ್ ನೋಡೋಕೆ ಹೋಗಿ ತೊಗರಿ ಅನ್ನ ತಿಂದು ಬಂದ್ರು ಅಂತಾಗುತ್ತೆ 😄

ತೊಗರಿತೊವ್ವೆ:
ಹಸಿದಾಗ ಹಕ್ಕಿ ಯಾವುದೂ ಚಂದ ಕಾಣಲ್ಲ ಸ್ವಾಮಿ. ಬೊಕೆಟೆಯಲ್ಲಿ ವಿದೇಶಿಯರು ನೆಲೆಸಿರೋದರಿಂದ ಸಸ್ಯಾಹಾರ ಕಷ್ಟವಿಲ್ಲ. ಕಷ್ಟ ಇರೋದು ಬೋಕಾ ಚಿಕಾದಲ್ಲಿ. ಅಲ್ಲಿ ಎಲ್ಲ ಮೀನು. ದವೀದ್‌ನಲ್ಲೇ ಸೂಪರ್‌ಮಾರ್ಕೆಟ್‌ಗೆ ಹೊಕ್ಕು ಬ್ರೆಡ್ಡು, ಹಣ್ಣು, ಕಾಳಿನ ಡಬ್ಬ ಕಟ್ಟಿಕೊಳ್ಳಿ.

ಬೆಂಚುಕಲ್ಲು:
ವೀಸಾ ನೋಡಿದಿರಾ? ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಷೆಂಗೆನ್ ಮುಂತಾದ ಕಡೆಯ ಬಹುಪ್ರವೇಶ ವೀಸಾ ಇದ್ದು, ಅದನ್ನು ಕೊಟ್ಟ ದೇಶಕ್ಕೆ ಒಮ್ಮೆಯಾದರೂ ಹೋಗಿ ಬಂದಿದ್ದರೆ ಪ್ರತ್ಯೇಕ ವೀಸಾ ಇಲ್ಲದೆ ಬಿಡುತ್ತಾರೆ. 'ಒಮ್ಮೆ ಬಳಸಿರಬೇಕು' ಅನ್ನೋದರಲ್ಲೇ ಜನ ಸಿಕ್ಕಿಬೀಳೋದು. ಹೊಸದಾಗಿ ಪಡೆದ, ಮುದ್ರೆ ಬೀಳದ ವೀಸಾ ಹಿಡಿದು ಹೋದರೆ ವಿಮಾನ ಹತ್ತಿಸೋ ಕೌಂಟರಲ್ಲೇ ನಿಲ್ಲಿಸ್ತಾರೆ. ಆ ವೀಸಾದ ಅವಧಿ ಇನ್ನೂ ಎಷ್ಟು ಉಳಿದಿರಬೇಕು ಅನ್ನೋ ನಿಯಮ ಬದಲಾಗ್ತಾ ಇರುತ್ತೆ, ಟಿಕೆಟ್ ತೆಗೆಯೋ ಮುಂಚೆ ದೂತಾವಾಸದಲ್ಲಿ ಕೇಳಿ.

ಇನ್ನೊಂದು, ಹಳದಿ ಜ್ವರದ ಲಸಿಕೆ. ಚಿರಿಕಿಗಾಗಿ ಅಲ್ಲ, ಭಾರತಕ್ಕೆ ಮರಳೋದಕ್ಕಾಗಿ. ಭಾರತದ ಪಟ್ಟಿಯಲ್ಲಿ ಪನಾಮಾ ಇದೆ. ಅಲ್ಲಿಂದ ಹೊರಟು 6 ದಿನದೊಳಗೆ ಹಳದಿ ಕಾರ್ಡ್ ಇಲ್ಲದೆ ಬಂದಿಳಿದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡೋ ಅಧಿಕಾರ ಇಲ್ಲಿನ ಅಧಿಕಾರಿಗಳಿಗಿದೆ. ಲಸಿಕೆ ಹಾಕಿಸಿ 10 ದಿನ ಆದಮೇಲಷ್ಟೇ ಕಾರ್ಡಿಗೆ ಮಾನ್ಯತೆ, ಆಮೇಲೆ ಜೀವಮಾನಕ್ಕೂ ಆಯ್ತು.

ಗಂಟುಮೂಟೆ:
ಲಸಿಕೆ ವಿಷಯ ಗೊತ್ತೇ ಇರಲಿಲ್ಲ. ಧನ್ಯವಾದ. ಬಸ್ಸು/ಕಾರು?

ನಕ್ಷೆಪ್ರಿಯ:
ಪನಾಮಾ ನಗರದಿಂದ ದವೀದ್ ಸುಮಾರು 440 ಕಿ.ಮೀ. ಆಲ್ಬ್ರೂಕ್ ನಿಲ್ದಾಣದಿಂದ ಬಸ್ಸು ಏಳು ಗಂಟೆ, 20 ಡಾಲರ್ ಒಳಗೆ. ರಾತ್ರಿ ಬಸ್ಸಲ್ಲಿ ಎ.ಸಿ. ಯಾವ ಪರಿ ಹಾಕ್ತಾರೆ ಅಂದರೆ ಬಾರೂಗೆ ತಂದ ಜಾಕೆಟ್ ಬಸ್ಸಲ್ಲೇ ಬೇಕಾಗುತ್ತೆ. ವಿಮಾನ ಒಂದು ಗಂಟೆ. ದವೀದ್‌ನಿಂದ ಬೊಕೆಟೆಗೆ ಸುಮಾರು 38 ಕಿ.ಮೀ., ಬಸ್ಸು ಪದೇಪದೇ ಇದೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಒಬ್ಬಿಬ್ಬರಾದರೆ ಬಸ್ಸು ಸಾಕು. ನಾಲ್ಕು ಜನ, ಅದೂ ಬೋಕಾ ಚಿಕಾ ಇದ್ದರೆ ದವೀದ್‌ವರೆಗೆ ವಿಮಾನ, ಅಲ್ಲಿ ಕಾರು.

ಕಾರಿನ ವೆಬ್‌ಸೈಟಲ್ಲಿ ಕಾಣೋ ಬೆಲೆ ನಂಬಬೇಡಿ. ಮೂರನೇ ವ್ಯಕ್ತಿ ವಿಮೆ ಅಲ್ಲಿ ಕಡ್ಡಾಯ, ಕ್ರೆಡಿಟ್ ಕಾರ್ಡಿನ ವಿಮೆ ಅದಕ್ಕೆ ಲೆಕ್ಕಕ್ಕಿಲ್ಲ. ಕೌಂಟರಲ್ಲಿ ಬಾಡಿಗೆ ದುಪ್ಪಟ್ಟಾಗೋದು ಅದರಿಂದಲೇ, ಮೋಸ ಅಂತ ಜಗಳ ಆಡಬೇಡಿ. ಪಾಸ್‌ಪೋರ್ಟ್ ಹತ್ತಿರವೇ ಇರಲಿ. ಪೂರ್ವಕ್ಕೆ ಹೋಗೋ ಹೆದ್ದಾರಿಯಲ್ಲಿ ಗ್ವಾಬಲಾ ಹತ್ತಿರ ತಪಾಸಣಾ ಠಾಣೆ ಇದೆ, ಬಸ್ಸಿನವರನ್ನೂ ಕೇಳ್ತಾರೆ.

ಬೆಂಚುಕಲ್ಲು:
ಅಲ್ಲಿ ನಡೆಯೋದು ಅಮೆರಿಕದ ಡಾಲರ್ ನೋಟೇ. ಬಾಲ್ಬೋವಾ ಅಂದರೆ ನಾಣ್ಯ ಮಾತ್ರ, ಬೆಲೆ ಸಮಸಮ. 50, 100ರ ನೋಟು ಸಣ್ಣ ಅಂಗಡಿಯಲ್ಲಿ ಮುಟ್ಟಲ್ಲ. ಒಂದು ಬಾಲ್ಬೋವಾ ನಾಣ್ಯ ಉಳಿದರೆ ಅಲ್ಲೇ ಖರ್ಚು ಮಾಡಿ ಬನ್ನಿ, ಹೊರಗೆ ಯಾರೂ ತಗೊಳ್ಳಲ್ಲ.

ದೋಣಿಸಾಲು:
ಹೆದ್ದಾರಿ ಬಂದ್ ಆಗೋದನ್ನೂ ಹೇಳಿ. 2022ರ ಜುಲೈ, 2023ರ ಅಕ್ಟೋಬರ್–ನವೆಂಬರ್. ಎರಡನೆಯದು ತಾಮ್ರದ ಗಣಿ ಒಪ್ಪಂದದ ವಿರುದ್ಧ, ವಾರಗಟ್ಟಲೆ. ಚಿರಿಕಿಗೂ ರಾಜಧಾನಿಗೂ ಮಧ್ಯೆ ಇರೋದು ಅದೊಂದೇ ಹೆದ್ದಾರಿ, ಬಳಸುದಾರಿ ಇಲ್ಲ. ಪೆಟ್ರೋಲು, ಅಡುಗೆ ಅನಿಲ ಖಾಲಿಯಾಗಿತ್ತು ಪ್ರಾಂತ್ಯದಲ್ಲಿ. ಅಂತರರಾಷ್ಟ್ರೀಯ ವಿಮಾನದ ಹಿಂದಿನ ರಾತ್ರಿ ರಾಜಧಾನಿಯಲ್ಲೇ ಇರಿ.

ಪಂಚೆವೀರ:
ಬಾರೂ ಹತ್ತೋದು ಎಷ್ಟು ಕಷ್ಟ? ಜೀಪ್ ಹೋಗುತ್ತೆ ಅಂತಾರಲ್ಲ, ಆಮೇಲೆ ನಡೆಯೋದು ಯಾವ ಕರ್ಮಕ್ಕೆ?

ಚಾರಣಚಪಲ:
ಜೀಪ್ ಹೋಗುತ್ತೆ, ತುದಿಯಲ್ಲಿ ಆಂಟೆನಾಗಳಿವೆ, ಅದಕ್ಕೇ ದಾರಿ ಇರೋದು. ರಸ್ತೆ ಅಂತ ಕರೆಯೋದು ಔದಾರ್ಯ. ಬಂಡೆ, ಗುಂಡಿ, ಉರುಳುಗಲ್ಲು. ಜೀಪಲ್ಲಿ ಬೆನ್ನುಮೂಳೆ ಎಣಿಸಬಹುದು, ನಡೆದರೆ ಮಂಡಿ. ಆಯ್ಕೆ ನಿಮ್ಮದು.

ನಡೆಯೋರಿಗೆ ಲೆಕ್ಕ: ಬೊಕೆಟೆ ಕಡೆಯ ಅರಣ್ಯ ಠಾಣೆ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ತುದಿ 3,474. ಒಂದು ದಿಕ್ಕಿಗೆ 13.5 ಕಿ.ಮೀ. ಹತ್ತೋಕೆ 5ರಿಂದ 7 ಗಂಟೆ, ಇಳಿಯೋಕೆ 4–5. ಸೂರ್ಯೋದಯ ಬೇಕಂದರೆ ರಾತ್ರಿ 11–12ಕ್ಕೆ ಶುರು. ಎರಡೂ ಸಾಗರ ಕಾಣೋದು ಬೆಳಗಿನ ಆ ಒಂದೆರಡು ಗಂಟೆ ಮಾತ್ರ. ಒಂಬತ್ತು ದಾಟಿದರೆ ಕೆರಿಬಿಯನ್ ಕಡೆಯ ಮೋಡ ಏರಿ ಬರುತ್ತೆ.

ದಾರಿಯಲ್ಲಿ ನೀರಿಲ್ಲ. ತಲೆಗೆ 3–4 ಲೀಟರ್. ಹಣೆದೀಪ, ಜೊತೆಗೆ ಬಿಡಿ ಬ್ಯಾಟರಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತೆ, ಒಳಜೇಬಲ್ಲಿಡಿ. ಜನ ಮಾಡೋ ದೊಡ್ಡ ತಪ್ಪು ಬೆವರು. ಕೆಳಗೆ ಸೆಖೆ ಅಂತ ಹತ್ತಿ ಅಂಗಿಯಲ್ಲಿ ಹೊರಟು, ತೊಯ್ದು ತೊಪ್ಪೆಯಾಗಿ ತುದಿ ಸೇರ್ತಾರೆ. ಅಲ್ಲಿ ಸೊನ್ನೆಯ ಹತ್ತಿರದ ಚಳಿ, ಮೇಲೆ ಗಾಳಿ, ಸೂರ್ಯ ಹುಟ್ಟೋಕೆ ಇನ್ನೂ ಒಂದು ಗಂಟೆ. ಒಣ ಅಂಗಿ ಒಂದನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಗೊಂಡು ಹೋಗಿ, ತುದಿಗೆ ಅರ್ಧ ಗಂಟೆ ಇರೋವಾಗ ಬದಲಿಸಿ. ಬೇಗ ತಲುಪೋದು ಶೌರ್ಯ ಅಲ್ಲ, ಶಿಕ್ಷೆ.

ಬೆಂಚುಕಲ್ಲು:
ದವೀದ್‌ನ ಬಿಸಿಲಲ್ಲಿ ಇಳಿದ ದಿನವೇ ರಾತ್ರಿ ಹತ್ತೋಕೆ ಹೋಗಬೇಡಿ. ಸಮುದ್ರಮಟ್ಟದಿಂದ ಒಂದೇ ದಿನಕ್ಕೆ 3,400 ಮೀಟರ್ ಅಂದರೆ ತಲೆಸಿಡಿತ, ವಾಕರಿಕೆ ಸಾಮಾನ್ಯ. ಬೊಕೆಟೆ 1,200, ಸೆರ್ರೋ ಪುಂಟಾ 1,900ರ ಸುಮಾರು. ಮೊದಲು ಸೆರ್ರೋ ಪುಂಟಾದಲ್ಲಿ ಎರಡು ರಾತ್ರಿ ಕಳೆದು ಆಮೇಲೆ ಬಾರೂ ಇಟ್ಟುಕೊಂಡರೆ ಎಷ್ಟೋ ವಾಸಿ.

ನೀಲಿಕೊಡೆ:
ಮಂಡಿ ನೋವಿನವರಿಗೆ ಹತ್ತೋದಲ್ಲ, ಇಳಿಯೋದು ಗಂಡಾಂತರ. 1,700 ಮೀಟರ್ ಇಳಿಜಾರು, ಕಾಲಡಿ ಜಾರೋ ಕಲ್ಲು. ಅವರನ್ನ ಜೀಪಲ್ಲೂ ಕಳಿಸಬೇಡಿ, ಬೊಕೆಟೆಯಲ್ಲಿ ನೆಮ್ಮದಿಯಾಗಿ ಸ್ಟ್ರಾಬೆರಿ ಕೆನೆ ತಿಂದುಕೊಂಡು ಇರಲಿ.

ವೋಲ್ಕಾನ್ ಊರಿನ ಕಡೆಯಿಂದಲೂ ಒಂದು ದಾರಿ ಇದೆ, ಚಿಕ್ಕದು, ಆದರೆ ಕಡಿದು. ಗುರುತು ಸರಿಯಾಗಿಲ್ಲ, ಮಾರ್ಗದರ್ಶಿ ಇಲ್ಲದೆ ಬೇಡ.

ಡಿಕಾಕ್ಷನ್:
ಗೇಶಾ ಬಗ್ಗೆ ಬರೋಣ. ಒಂದು ಲೋಟ ಕಾಫಿಗೆ ಯಾಕಪ್ಪ ಅಷ್ಟು ದುಡ್ಡು? ಜಪಾನಿನ ಹೆಸರು ಬೇರೆ.

ಅರೇಬಿಕಾ_ಅಣ್ಣ:
ಜಪಾನಿಗೂ ಅದಕ್ಕೂ ಸಂಬಂಧ ಇಲ್ಲ. ಇಥಿಯೋಪಿಯಾದ ಗೇಶಾ ಅನ್ನೋ ಕಡೆಯ ಕಾಡಿನಲ್ಲಿ 1930ರ ದಶಕದಲ್ಲಿ ಆಯ್ದ ಬೀಜ. ಟಾಂಜಾನಿಯಾ ಮೂಲಕ 1953ರಲ್ಲಿ ಕೋಸ್ಟರಿಕಾದ ಸಂಶೋಧನಾ ಕೇಂದ್ರಕ್ಕೆ ಬಂತು, ಅಲ್ಲಿನ ದಾಖಲೆ ಸಂಖ್ಯೆ ಟಿ2722. 1960ರ ದಶಕದಲ್ಲಿ ಪನಾಮಾಕ್ಕೆ ಬಂದದ್ದು ಎಲೆ ತುಕ್ಕು ರೋಗ ತಡೆಯುತ್ತೆ ಅನ್ನೋ ಆಸೆಗೆ, ರುಚಿಗಲ್ಲ. ಫಸಲು ಕಮ್ಮಿ, ಗಿಡ ಉದ್ದುದ್ದ, ಕೊಂಬೆಯಲ್ಲಿ ಗಿಣ್ಣು ದೂರ ದೂರ. ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದಿತ್ತು. 2004ರಲ್ಲಿ ಬೊಕೆಟೆಯ ಹಸಿಯೆಂದಾ ಲಾ ಎಸ್ಮೆರಾಲ್ದಾದವರು ಎತ್ತರದ ತಾಕಿನ ಬೀಜ ಬೇರೆ ಮಾಡಿ ಸ್ಪರ್ಧೆಗೆ ಇಟ್ಟಾಗ ಪೌಂಡಿಗೆ 21 ಡಾಲರ್. ಆಗ ಅದು ದಾಖಲೆ. 2019ರಲ್ಲಿ ಎಲೀದಾ ತೋಟದ್ದು ಪೌಂಡಿಗೆ 1,029. 2025ರ ಹರಾಜಿನಲ್ಲಿ ಎಸ್ಮೆರಾಲ್ದಾದ್ದೇ ಕಿಲೋಗೆ 30,204 ಡಾಲರ್.

ಪಂಚೆವೀರ:
ಕಿಲೋಗೆ ಮೂವತ್ತು ಸಾವಿರ ಡಾಲರ್?! ಅದರಲ್ಲಿ ಚಿಕೋರಿ ಎಷ್ಟು ಪರ್ಸೆಂಟು?

ಅರೇಬಿಕಾ_ಅಣ್ಣ:
ಹರಾಜಿನ ಲಾಟುಗಳು ಕೆಲವೇ ಕಿಲೋ ಇರೋವು, ಆ ಬೆಲೆ ಜಾಹೀರಾತಿನ ಬೆಲೆ. ಬೊಕೆಟೆಯ ಕಾಫಿ ಅಂಗಡಿಯಲ್ಲಿ ಸಿಗೋದು ಬೇರೆ ಲಾಟು. ಮಾಮೂಲಿ ಕಪ್‌ಗಿಂತ ಹಲವು ಪಟ್ಟು ಬೆಲೆ, ಆದರೂ ಜೇಬು ಹರಿಯಲ್ಲ. ಒಂದೇ ಕಪ್ ಕುಡಿಯೋಕಿಂತ ತೋಟದಲ್ಲೇ ಕಪ್ಪಿಂಗ್ ಕೇಳಿ: ಒಂದೇ ತೋಟದ ಕತುವಾಯಿ ತಳಿ, ತೊಳೆದ ಗೇಶಾ, ಹಣ್ಣಲ್ಲೇ ಒಣಗಿಸಿದ ಗೇಶಾ, ಮೂರನ್ನೂ ಪಕ್ಕಪಕ್ಕ ಇಟ್ಟು ಹೀರಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ. ಮಲ್ಲಿಗೆ, ಕಿತ್ತಳೆ ಸಿಪ್ಪೆ, ಟೀ ಥರದ ತೆಳು ಮೈ.

ಡಿಕಾಕ್ಷನ್:
ಟೀ ಥರ ಇದ್ದರೆ ಟೀನೇ ಕುಡಿಯಬಹುದಲ್ವಾ. ಹಾಲಿಲ್ಲದ್ದು ಕಾಫಿನಾ?

ಅರೇಬಿಕಾ_ಅಣ್ಣ:
ಹಾಲು ಹಾಕಿದರೆ ಕೊಟ್ಟ ದುಡ್ಡೆಲ್ಲ ಹಾಲಿನ ಪಾಲು. ಹೂವಿನ ಪರಿಮಳ, ಹುಳಿ ಎರಡನ್ನೂ ಹಾಲಿನ ಕೊಬ್ಬು ಮುಚ್ಚಿಬಿಡುತ್ತೆ. ನಮ್ಮ ಫಿಲ್ಟರ್‌ಗೆ ಬೇಕಾದ್ದು ಕಪ್ಪಗೆ ಹುರಿದ, ಮೈ ಇರೋ ಬೀಜ. ಗೇಶಾ ಹುರಿಯೋದು ತಿಳಿಕಂದು. ಅದನ್ನ ಫಿಲ್ಟರಿಗೆ ಹಾಕಿ 'ಸಪ್ಪೆ' ಅನ್ನೋದು, ಸಣ್ಣಕ್ಕಿಯಲ್ಲಿ ಮುದ್ದೆ ಮಾಡೋಕೆ ಹೋದ ಹಾಗೆ.

ಕೊಂಡು ತಂದರೆ ಹೀಗೆ ಮಾಡಿ: 15 ಗ್ರಾಂ ಪುಡಿ, ಸಣ್ಣ ರವೆಗಿಂತ ತುಸು ದಪ್ಪ. ಕಾಗದದ ಸೋಸುವಿಕೆ. 240 ಮಿ.ಲೀ. ನೀರು, 92–94 ಡಿಗ್ರಿ. ಮೊದಲು 40 ಮಿ.ಲೀ. ಸುರಿದು 30 ಸೆಕೆಂಡ್ ಉಬ್ಬೋಕೆ ಬಿಡಿ, ಮಿಕ್ಕಿದ್ದನ್ನು ಮೂರು ಸಲಕ್ಕೆ. ಒಟ್ಟು 3 ನಿಮಿಷದೊಳಗೆ ಇಳಿದಿರಬೇಕು. ನಾಲ್ಕು ದಾಟಿದರೆ ಪುಡಿ ನುಣುಪಾಯ್ತು, ಒಗರು ಬರುತ್ತೆ. ಬಿಸಿಬಿಸಿ ಕುಡಿಯಬೇಡಿ, ಆರಿದಷ್ಟೂ ಪರಿಮಳ ಬಿಚ್ಚುತ್ತೆ. ಬೊಕೆಟೆಯಲ್ಲಿ ನೀರು ಕುದಿಯೋದೇ 96 ಡಿಗ್ರಿಗೆ. ಇಳಿಸಿ ಅರೆ ನಿಮಿಷ ಬಿಟ್ಟರೆ ಥರ್ಮಾಮೀಟರೇ ಬೇಡ.

ಸಿಲ್ವರ್‌ಓಕ್:
ಸಾರ್, ನಾಲ್ಕು ಬೀಜ ಜೇಬಲ್ಲಿ ಹಾಕ್ಕೊಂಡು ಬಂದು ತೋಟದಲ್ಲಿ ನೆಟ್ಟರೆ?

ಅರೇಬಿಕಾ_ಅಣ್ಣ:
ಖಂಡಿತಾ ಬೇಡ. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಪರವಾನಗಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಬಿತ್ತನೆ ಬೀಜ ತರೋ ಹಾಗಿಲ್ಲ. ಕಾನೂನು ಪಕ್ಕಕ್ಕಿಡಿ. ಅಲ್ಲಿ ಓಹೋ ದೆ ಗಾಯೋ, ಅಂದರೆ 'ಹುಂಜದ ಕಣ್ಣು' ಅನ್ನೋ ಶಿಲೀಂಧ್ರ ರೋಗ ಇದೆ. ಎಲೆ ಮೇಲೆ ದುಂಡು ಬೂದು ಚುಕ್ಕೆ, ಎಲೆ ಉದುರಿ ಗಿಡ ಬೋಳು. ಅದು ಅಮೆರಿಕ ಖಂಡ ಬಿಟ್ಟು ಹೊರಗೆ ಬಂದಿಲ್ಲ. ನೆರಳು, ತೇವ ಎರಡೂ ಅದಕ್ಕೆ ಇಷ್ಟ. ಮಲೆನಾಡಲ್ಲಿ ಇರೋದೇ ಅವೆರಡು. ಹುರಿದ ಬೀಜ ತನ್ನಿ, ಯಾರೂ ಬೇಡ ಅನ್ನಲ್ಲ.

ಸಿಲ್ವರ್‌ಓಕ್:
ಸರಿ ಬಿಡಿ, ಆಸೆ ಬಿಟ್ಟೆ.

ನೀಲಿಕೊಡೆ:
ಕೊಯ್ಲಿನ ಕೆಲಸ ಬಹುಪಾಲು ಮಾಡೋರು ಅಲ್ಲಿನ ಮೂಲನಿವಾಸಿಗಳಾದ ಙೋಬೆ ಜನ. ಹೆಂಗಸರು ಉದ್ದನೆಯ ಬಣ್ಣದ ನಿಲುವಂಗಿ ತೊಡ್ತಾರೆ, ಅಂಚಿಗೆ ತ್ರಿಕೋನದ ಪಟ್ಟಿ. ಅದಕ್ಕೆ ನಾಗ್ವಾ ಅಂತಾರೆ. 1997ರಲ್ಲಿ ಚಿರಿಕಿಯ ಪೂರ್ವ ಭಾಗ ಸೇರಿಸಿ ಅವರಿಗೆ ಸ್ವಂತ ಆಡಳಿತ ಪ್ರದೇಶ ಆಯ್ತು. ಕೂಲಿ ಲಾತಾ ಲೆಕ್ಕದಲ್ಲಿ, ಡಬ್ಬ ತುಂಬಿದಷ್ಟು. ಕೇಳದೆ ಫೋಟೋ ತೆಗೆಯಬೇಡಿ, ಕೊಯ್ಯೋರ ಸಾಲಿಗೆ ಅಡ್ಡ ನಿಲ್ಲಬೇಡಿ, ಅವರ ಹೊತ್ತೇ ಅವರ ದುಡ್ಡು.

ಪಂಚೆವೀರ:
ಅಬ್ಬ, ಕೊನೆಗೂ 'ಙ' ಅಕ್ಷರ ಪದದ ಮೊದಲಲ್ಲಿ ಕೆಲಸಕ್ಕೆ ಬಂತು. ವರ್ಣಮಾಲೆಯಲ್ಲಿ ಸುಮ್ಮನೆ ಕೂತು ಸಂಬಳ ತಿಂತಿತ್ತು.

ಗಂಟುಮೂಟೆ:
😂 ಕ್ವೆಟ್ಸಾಲ್ ಎಲ್ಲಿ ಸಿಗುತ್ತೆ?

ನೀಲಿಕೊಡೆ:
ಸೆರ್ರೋ ಪುಂಟಾ ಕಡೆ. ಸೆಂದೇರೋ ಲೋಸ್ ಕ್ವೆಟ್ಸಾಲೆಸ್ ಅನ್ನೋ ಕಾಲುದಾರಿ ಬಾರೂ ಬೆಟ್ಟದ ಉತ್ತರ ಭುಜ ಬಳಸಿ ಸೆರ್ರೋ ಪುಂಟಾದಿಂದ ಬೊಕೆಟೆ ಮೇಲಿನ ಆಲ್ಟೋ ಚಿಕೇರೋಗೆ ಬರುತ್ತೆ. ಜನವರಿಯಿಂದ ಮೇ ಒಳ್ಳೆ ಕಾಲ. ನಡೆಯುತ್ತಾ ಹುಡುಕೋರಿಗೆ ಸಿಗಲ್ಲ, ನಿಂತು ಕಾಯೋರಿಗೆ ಸಿಗುತ್ತೆ. ಅದರ ಮೆಚ್ಚಿನ ಊಟ ಕಾಡು ಬೆಣ್ಣೆಹಣ್ಣು, ಅಲ್ಲಿಯವರ ಬಾಯಲ್ಲಿ ಅಗ್ವಾಕತೀಯೋ. ಗೋಲಿಯಷ್ಟು ಕಾಯಿ. ಹಕ್ಕಿ ಹಾರುತ್ತಲೇ ಕಿತ್ತು, ಇಡೀ ನುಂಗಿ, ಕೊಂಬೆಗೆ ಬಂದು ಕೂತು ಸ್ವಲ್ಪ ಹೊತ್ತಿಗೆ ಬೀಜ ಉಗುಳುತ್ತೆ. ಮರದ ಕೆಳಗೆ ಹೊಸದಾಗಿ ಬಿದ್ದ ಬೀಜ ಕಂಡರೆ ಅಲ್ಲೇ ಕೂರಿ. ಬೆಳಗ್ಗೆ ಆರರಿಂದ ಒಂಬತ್ತು. ಹಸಿರು ಎಲೆ ನಡುವೆ ಹಸಿರು ಬೆನ್ನು ಕಾಣಲ್ಲ. ಕೆಂಪು ಎದೆ ನಿಮ್ಮ ಕಡೆ ತಿರುಗೋವರೆಗೂ ತಾಳ್ಮೆ ಬೇಕು.

ಚಾರಣಚಪಲ:
ದಾರಿ ನಡೆಯೋದಾದರೆ ಸೆರ್ರೋ ಪುಂಟಾದಿಂದ ಬೊಕೆಟೆ ಕಡೆಗೆ, ಹೆಚ್ಚು ಇಳಿಜಾರು. 4–6 ಗಂಟೆ. ಹೊರಡೋ ಮುಂಚೆ ಅರಣ್ಯ ಠಾಣೆಯಲ್ಲಿ ದಾರಿ ತೆರೆದಿದೆಯಾ ಕೇಳಲೇಬೇಕು. 2020ರ ನವೆಂಬರ್‌ನ ಎತಾ ಚಂಡಮಾರುತದ ಮಳೆಗೆ ಆ ಭಾಗವೆಲ್ಲ ಕುಸಿದಿತ್ತು, ಈಗಲೂ ಜೋರು ಮಳೆಗೆ ಹಳ್ಳ ದಾರಿ ತಿನ್ನುತ್ತೆ. ಇನ್ನೊಂದು ತಾಪತ್ರಯ: ನಡೆದು ಈ ಕಡೆ ಬಂದಿರಿ, ಕಾರು ಆ ಕಡೆ ಉಳಿಯಿತು. ಕಾಡಲ್ಲಿ ನಾಲ್ಕು ಹೆಜ್ಜೆ ಅನ್ನೋದು ರಸ್ತೆಯಲ್ಲಿ ಬೆಟ್ಟ ಸುತ್ತಿ ಎರಡು ಗಂಟೆ.

ನಕ್ಷೆಪ್ರಿಯ:
ದವೀದ್‌ವರೆಗೆ ಇಳಿಯೋದು ಬೇಡ. ವೋಲ್ಕಾನ್ ಕೆಳಗೆ ಕ್ವೆಸ್ತಾ ದೆ ಪಿಯೆದ್ರಾದಲ್ಲಿ ಎಡಕ್ಕೆ ತಿರುಗಿ, ಪೊತ್ರೆರೀಯೋಸ್ ಮೇಲೆ ಬಂದರೆ ಬೊಕೆಟೆ ರಸ್ತೆ ಸಿಗುತ್ತೆ.

ದೋಣಿಸಾಲು:
ಈಗ ಸಮುದ್ರ. ಬೋಕಾ ಚಿಕಾಗೆ ದವೀದ್‌ನಿಂದ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ ಓರ್ಕೊನ್ಸಿತೋಸ್ ತಿರುವಲ್ಲಿ ಬಲಕ್ಕೆ. ಎದುರಿಗೆ ಬೋಕಾ ಬ್ರಾವಾ ದ್ವೀಪ, ದೋಣಿಯಲ್ಲಿ ಐದು ನಿಮಿಷ. ಅದಾಚೆ 1994ರಲ್ಲಿ ಆದ ಚಿರಿಕಿ ಕೊಲ್ಲಿ ಸಾಗರ ಉದ್ಯಾನ. ದೊಡ್ಡದು ಪರೀದಾ, ಸುತ್ತ ಗಾಮೆಸ್, ಬೊಲಾನ್ಯೋಸ್ ಥರದ ಪುಟ್ಟವು. ಅಂಗಡಿ ಇಲ್ಲ, ನೆರಳೂ ಕಮ್ಮಿ. ನೀರು, ಊಟ, ಟೊಪ್ಪಿ ಹೊತ್ತೇ ಹೋಗಬೇಕು.

ಒಂದೇ ದಿನ ಸಾಲದು. ಬೊಕೆಟೆಯಿಂದ ಬೆಳಗ್ಗೆ ಹೊರಟು ದೋಣಿ ಹತ್ತೋ ಹೊತ್ತಿಗೆ ಹತ್ತು ಗಂಟೆ, ಮಧ್ಯಾಹ್ನ ಗಾಳಿ ಎದ್ದು ಅಲೆ ಒರಟಾಗುತ್ತೆ. ಹಿಂದಿನ ರಾತ್ರಿ ಅಲ್ಲೇ ಉಳಿದು ಏಳಕ್ಕೆ ಹೊರಡೋದು ಸರಿ.

ಕಪ್ಪೆಚಿಪ್ಪು:
ಏಳಕ್ಕೆ ಅಂತ ಕಣ್ಣುಮುಚ್ಚಿ ಹೇಳಬೇಡಿ, ಉಬ್ಬರವಿಳಿತ ನೋಡಬೇಕು. ಕೆರಿಬಿಯನ್ ಕಡೆ ನೀರಿನ ಏರಿಳಿತ ಅರ್ಧ ಮೀಟರ್ ಕೂಡ ಇಲ್ಲ. ಈ ಕಡೆ ಹುಣ್ಣಿಮೆ ಅಮಾವಾಸ್ಯೆಗೆ 3 ಮೀಟರ್ ಆಸುಪಾಸು. ಇಳಿತದಲ್ಲಿ ದೋಣಿ ಹತ್ತೋ ಇಳಿಜಾರಿನ ತುದಿಯಲ್ಲಿ ಪಾಚಿಗಟ್ಟಿದ ಕಾಂಕ್ರೀಟು, ಆಮೇಲೆ ಕೆಸರು. ಮಂಡಿ ನೋವಿನವರು ಜಾರೋ ಜಾಗ ಅದೇ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ ಅನ್ನೋದು ನೆನಪಿಟ್ಟರೆ ಮೊದಲ ದಿನದ ಪಟ್ಟಿ ನೋಡಿ ಉಳಿದ ದಿನ ಲೆಕ್ಕ ಹಾಕಬಹುದು. ಅಷ್ಟಮಿಯ ಆಸುಪಾಸು ಹೋದರೆ ಏರಿಳಿತ ಕಮ್ಮಿ. ಹವಳ ನೋಡೋಕೂ ನೀರು ತಿಳಿ ಇರುತ್ತೆ.

ತೊಗರಿತೊವ್ವೆ:
ಪಂಚಾಂಗ ಪನಾಮಾದಲ್ಲೂ ಕೆಲಸಕ್ಕೆ ಬಂತು ನೋಡಿ.

ಕಪ್ಪೆಚಿಪ್ಪು:
ಸಂಜೆ ಚಿತ್ರಾ ಅಂತ ಒಂದು ಹುಳ. ಹೆಸರು ಚಂದ, ಸೊಳ್ಳೆಗಿಂತ ಚಿಕ್ಕದು, ಕಣ್ಣಿಗೆ ಕಾಣಲ್ಲ, ಕಚ್ಚಿದರೆ ಮೂರು ದಿನ ತುರಿಕೆ. ಸೊಳ್ಳೆಪರದೆಯ ಕಣ್ಣಲ್ಲೂ ನುಸುಳುತ್ತೆ. ಗಾಳಿ ನಿಂತ ಮೇಲೆ ಮರಳಲ್ಲಿ ಕೂರಬೇಡಿ. ಕಾಲು ಮುಚ್ಚೋ ಬಟ್ಟೆ, ಮೈಗೆ ತೆಂಗಿನೆಣ್ಣೆ ದಪ್ಪಗೆ.

ದೋಣಿಸಾಲು:
ದವೀದ್ ಹತ್ತಿರದ ಲಾ ಬಾರ್ಕೆತಾ ಬೀಚಲ್ಲಿ ಈಜಬೇಡಿ, ಒಳಸೆಳೆತ ಜೋರು. ಈಜಲೇಬೇಕಂದರೆ ಲಾಸ್ ಲಾಹಾಸ್, ಅದೂ ಅಲೆ ನೋಡಿಕೊಂಡು.

ಪಂಚೆವೀರ:
ಗುವಾಲಾಕಾದ ಕಾಂಗಿಲೋನೆಸ್ ಕಮರಿ? ಜನ ಮೇಲಿಂದ ಹಾರ್ತಾರಲ್ಲ.

ಚಾರಣಚಪಲ:
ಒಣಗಾಲದಲ್ಲಿ ಚೆನ್ನ. ಕಪ್ಪು ಬಂಡೆ ಸೀಳಿ ಹರಿಯೋ ಕಿರಿದಾದ ನದಿ. ಮೋಡ ಇದ್ದ ದಿನ ಇಳಿಯಬೇಡಿ. ಮೇಲೆ ಬೆಟ್ಟದಲ್ಲಿ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ನೀರು ಗೋಡೆಯಂತೆ ಬರುತ್ತೆ. 'ಕಬೇಸಾ ದೆ ಆಗ್ವಾ' ಅಂತಾರೆ, ನೀರಿನ ತಲೆ. ತಿಳಿನೀರು ಇದ್ದಕ್ಕಿದ್ದಂತೆ ಕಂದು ಆದರೆ, ಎಲೆ ಕಡ್ಡಿ ತೇಲಿ ಬಂದರೆ ಚಪ್ಪಲಿಯನ್ನೂ ಹುಡುಕದೆ ಮೇಲೆ ಹತ್ತಿ.

ಬೆಂಚುಕಲ್ಲು:
ತಾರೀಖು ಗಟ್ಟಿ ಮಾಡೋ ಮುಂಚೆ ಕಾರ್ನಿವಲ್ ನೋಡಿ. ಬೂದಿ ಬುಧವಾರದ ಹಿಂದಿನ ನಾಲ್ಕು ದಿನ ಇಡೀ ದೇಶ ರಸ್ತೆಯಲ್ಲಿರುತ್ತೆ, ಬಹಳ ಸಲ ಅದು ಫೆಬ್ರವರಿಯಲ್ಲೇ. ಜನವರಿಯಲ್ಲಿ ಹೋಗೋರಿಗೆ ಬೊಕೆಟೆಯ ಹೂವು–ಕಾಫಿ ಮೇಳದ ವೇಳೆ ಕೋಣೆ ಸಿಗಲ್ಲ, ಸಿಕ್ಕರೂ ರಾತ್ರಿಯಿಡೀ ಸಂಗೀತ.

ಗಂಟುಮೂಟೆ:
ಎಲ್ಲ ಕೇಳಿ ತಿದ್ದಿದ್ದು: ವಿಮಾನದಲ್ಲಿ ದವೀದ್, ಅಲ್ಲೇ ಕಾರು. ಸೆರ್ರೋ ಪುಂಟಾ 2 ರಾತ್ರಿ. ಮೂರನೇ ದಿನ ಮೂವರು ಕ್ವೆಟ್ಸಾಲ್ ದಾರಿಯಲ್ಲಿ ನಡೆದು ಬೊಕೆಟೆ. ಮಂಡಿ ನೋವಿನವರಿಗೇ ಡ್ರೈವಿಂಗ್ ಲೈಸೆನ್ಸ್ ಇರೋದು, ಅವರು ಲಗೇಜು ಹಾಕ್ಕೊಂಡು ಪೊತ್ರೆರೀಯೋಸ್ ಮೇಲೆ ಸುತ್ತಿ ಬಂದು ಆಲ್ಟೋ ಚಿಕೇರೋದಲ್ಲಿ ಕಾಯ್ತಾರೆ. ಬೊಕೆಟೆ 3 ರಾತ್ರಿ, ಅದರಲ್ಲಿ ಒಂದು ಬಾರೂ. ಬೋಕಾ ಚಿಕಾ 2 ರಾತ್ರಿ. ಕೊನೆ ರಾತ್ರಿ ರಾಜಧಾನಿ. ಕೊಯಿಬಾ, ಬೋಕಾಸ್, ತಿಮಿಂಗಿಲ ಕೈಬಿಟ್ಟೆ.

ನಕ್ಷೆಪ್ರಿಯ:
ಈಗ ಸರಿಹೋಯ್ತು. ಆಲ್ಟೋ ಚಿಕೇರೋದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಎಷ್ಟು ಗಂಟೆಗೆ ಭೇಟಿ, ಬರದಿದ್ದರೆ ಎಷ್ಟು ಗಂಟೆಗೆ ಠಾಣೆಗೆ ಹೇಳೋದು ಅಂತ ಬೆಳಗ್ಗೆಯೇ ಮಾತಾಡಿಕೊಂಡು ಬಿಡಿ.

ಚಾರಣಚಪಲ:
ಬಾರೂ ಬೊಕೆಟೆಯ ಎರಡನೇ ರಾತ್ರಿಗೆ ಇಡಿ. ನಡೆದು ಬಂದ ದಿನವೇ ಹತ್ತೋಕೆ ಕಾಲು ಕೇಳಲ್ಲ, ಮೂರನೇ ರಾತ್ರಿಗೆ ಇಟ್ಟರೆ ಇಳಿದ ದಿನವೇ ಬೋಕಾ ಚಿಕಾಗೆ ಕಾರಲ್ಲಿ ಮುದುಡಿ ಕೂರಬೇಕು.

ಕಪ್ಪೆಚಿಪ್ಪು:
ಬೋಕಾ ಚಿಕಾದ ಎರಡು ದಿನ ಯಾವ ತಿಥಿ ಅಂತ ನೋಡಿ ಹೇಳಿ. ಅಮಾವಾಸ್ಯೆ ಬಿದ್ದರೆ ಸುಮಾರು ಒಂಬತ್ತು ಹತ್ತಕ್ಕೆ ನೀರು ಪೂರ್ತಿ ಇಳಿದಿರುತ್ತೆ, ಅದಕ್ಕೆ ಮುಂಚೆಯೇ ದೋಣಿ ಬಿಡಬೇಕು.

ಗಂಟುಮೂಟೆ:
ನೋಡಿದೆ. ನವಮಿ, ದಶಮಿ.

ಕಪ್ಪೆಚಿಪ್ಪು:
ಹಾಗಾದರೆ ಏರಿಳಿತ ಕಮ್ಮಿ, ದೋಣಿ ಹತ್ತೋ ಜಾಗವೂ ಅಷ್ಟು ಜಾರಲ್ಲ, ತಿಂಡಿ ತಿಂದೇ ಹೊರಡಿ.

ಡಿಕಾಕ್ಷನ್:
ಬರುವಾಗ ಅರ್ಧ ಕಿಲೋ ಗೇಶಾ. ಹಾಲು ನಾನು ಇಟ್ಟಿರ್ತೀನಿ.